ಎದುರಿನವರ ಕಣ್ಣಿಗೂ ದಾರಿ ಬೇಕು
ಲಿಂಗರಾಜಪುರದಿಂದ ನಸುಕಿನಲ್ಲೇ ಸರಕು ಹೊತ್ತು ಹೊರಡುವ ಪಿಕಪ್ ಗಾಡಿಯವರಿಗೆ ಮುಂದೀಪ ಮಂಕೆನಿಸುವುದು ಸಹಜ. ಆದರೆ ಒಡನೆಯೇ ಜೆ.ಸಿ. ರಸ್ತೆಗೆ ಹೋಗಿ 100/90 ವಾಟಿನ ಬಲ್ಬು ತರುವುದು ಜಾಣತನವಲ್ಲ. 60/55 ವಾಟಿನ ಎಚ್‌4 ಬಲ್ಬಿಗೆಂದು ಎಳೆದ ತಂತಿ, ಹೋಲ್ಡರುಗಳು ಆ ಕಾವಿಗೆ ಕರಗಿಯಾವು. ಹ್ಯಾಲೊಜನ್ ಬಲ್ಬಿಗೆ ಹೊಂದಿಸಿದ ದೀಪದೊಳಗೆ ಎಲ್‌ಇಡಿ ಕೂರಿಸಿದರೆ ಬೆಳಕು ಚೆದರಬಹುದು. ಹಿಂಬದಿಗೆ ಭಾರ ಹೇರಿದಾಗಲಂತೂ ಗಾಡಿಯ ಮೂತಿ ಮೇಲೇಳುತ್ತದೆ. ಮೇಲ್ಸೇತುವೆಯಲ್ಲಿ ಎದುರಾದ ಸ್ಕೂಟರಿನವರಿಗೆ ದಾರಿಯೇ ಕಾಣದು.

8 ಮೀಟರು ದೂರದಲ್ಲಿ, 1.5 ಮೀಟರು ಎತ್ತರದಲ್ಲಿರುವ ಕಣ್ಣನ್ನು ದೀಪವು ಕುಕ್ಕಬಾರದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ.

ಆದುದರಿಂದ ಮೊದಲು ದೀಪದ ಗಾಜನ್ನು ಒರೆಸಿರಿ. ತಂತಿಯ ಜೋಡಣೆ ಬಿಗಿಯಾಗಿದೆಯೇ ನೋಡಿಸಿರಿ. ಭಾರ ಹೇರಿದ ಗಾಡಿಯಲ್ಲೇ ಬೆಳಕನ್ನು ಕೆಳಮುಖವಾಗಿ ಹೊಂದಿಸಿಕೊಳ್ಳಿರಿ. ಅಷ್ಟಕ್ಕೂ ಸಾಲದಿದ್ದರೆ ಅದೇ ವಾಟಿನ ಒಳ್ಳೆಯ ಬಲ್ಬುಗಳನ್ನು ಜೋಡಿಯಾಗಿ ಹಾಕಿಸಿರಿ. ನಮ್ಮ ಬೆಳಕು ಇನ್ನೊಬ್ಬರಿಗೆ ಕತ್ತಲೆಯಾಗಬಾರದು.