ಕೊಲೆಗಾರ ಕಾಣದಿದ್ದಾಗಲೇ ಭಯ ಜಾಸ್ತಿ

ಮೈಲಾರ ಜಾತ್ರೆಯ ಕಾರ್ಣಿಕ ಕೇಳಿದವರಿಗೆ ಇದು ಗೊತ್ತು. ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಅಂದ ಕೂಡಲೇ ಲಕ್ಷಗಟ್ಟಲೆ ಮಂದಿ ಗಪ್‌ಚುಪ್. ಮುಂದೆ ಬರುವ ಒಂದೇ ಮಾತಿಗೆ ಎಲ್ಲರ ಕಿವಿ. ಹೋಲಿಕೆಗೆ ಮೈಲಾರಲಿಂಗ ಕ್ಷಮಿಸಲಿ, ರೇಡಿಯೊದ ಪತ್ತೇದಾರಿ ನಾಟಕ ನಮ್ಮನ್ನು ಹಿಡಿದು ಕೂರಿಸುತ್ತಿದ್ದದ್ದೂ ಹೀಗೇ.

ನಾನು ಹುಡುಗನಿದ್ದಾಗ ಹೊಳಲಿನ ನಮ್ಮ ಮನೆಯಲ್ಲಿ ಧಾರವಾಡ ಸ್ಟೇಷನ್ ಹಚ್ಚುತ್ತಿದ್ದರು. 1950ರ ಜನವರಿ 8ರಂದು ಶುರುವಾದ ಆ ಕೇಂದ್ರ ನಮ್ಮ ಭಾಗದ ಮಂದಿಗೆ ಮನೆಯವರ ಹಾಗೆ. ನಮ್ಮ ತಾತನ ಕಾಲದಲ್ಲಿ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಬೇಕಿತ್ತು. ರಾತ್ರಿ ಉಂಡ ಮೇಲೆ ನಾಟಕ. ಕರೆಂಟು ಹೋದರೂ ಸೆಲ್ಲಿನ ರೇಡಿಯೊ ನಿಲ್ಲುತ್ತಿರಲಿಲ್ಲ. ಕತ್ತಲಲ್ಲಿ ಕಿರ್ರ್ ಅಂತ ಬಾಗಿಲ ಸದ್ದು ಬಂದರೆ ನಮ್ಮ ಹಿತ್ತಲ ಬಾಗಿಲೇ ತೆರೆದ ಹಾಗೆ! ಅಮ್ಮ ಎದ್ದು ಹೋಗಿ ಅಗುಳಿ ನೋಡಿ ಬರುತ್ತಿದ್ದಳು. ಕೊಲೆಗಾರ ಯಾರೆಂದು ಮೊದಲು ಹೇಳುತ್ತಿದ್ದವಳು ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿ. “ದನ್ಯಾಗ ಸುಳ್ಳು ಗೊತ್ತಾಕ್ಕೈತಿ ಬಿಡೋ” ಅನ್ನುತ್ತಿದ್ದಳು.

ಕುದುರೆ ಓಟಕ್ಕೆ ಎರಡು ತೆಂಗಿನ ಚಿಪ್ಪು, ಗುಡುಗಿಗೆ ತಗಡು ಅಂತ ಆಮೇಲೆ ಗೊತ್ತಾಯಿತು. ಗೊತ್ತಾದರೂ ಭಯ ಹೋಗಲಿಲ್ಲ.

ರೇಡಿಯೊಗೆಂದೇ ಬರೆದ ಮೊದಮೊದಲ ನಾಟಕಗಳಲ್ಲಿ ಒಂದು ರಿಚರ್ಡ್ ಹ್ಯೂಸ್ ಬರೆದ ‘ಡೇಂಜರ್’. 1924ರ ಜನವರಿಯಲ್ಲಿ ಬಿಬಿಸಿ ಪ್ರಸಾರ ಮಾಡಿತು. ಕಲ್ಲಿದ್ದಲ ಗಣಿಯಲ್ಲಿ ದೀಪ ಆರಿ ಮೂವರು ಸಿಕ್ಕಿಬೀಳುತ್ತಾರೆ. ಅವರಿಗೂ ಏನೂ ಕಾಣದು, ಕೇಳುವವರಿಗೂ ಕಾಣದು. ಎಂಥ ಉಪಾಯ ನೋಡಿ! ನಮ್ಮಲ್ಲಿ ಬೆಂಗಳೂರು ಕೇಂದ್ರದ ಎ.ಎಸ್. ಮೂರ್ತಿಯವರು ಬರೀ ದನಿಯಿಂದ ‘ಆಕಾಶವಾಣಿ ಈರಣ್ಣ’ ಆಗಿ ಮನೆಮಾತಾದರು.

ಈಗ ಫೋನಿನಲ್ಲಿ ಕ್ರೈಂ ಕಥೆಗಳಿಗೆ ಬರವಿಲ್ಲ. ಹೆಣ, ರಕ್ತ, ಕೊಡಲಿ ಎಲ್ಲ ಮೊದಲ ನಿಮಿಷದಲ್ಲೇ. ನಾನೂ ಅಂಥ ಸುದ್ದಿ ಬರೆದೇ ಹೊಟ್ಟೆ ಹೊರೆಯುವವನು. ಸತ್ತವರು ಯಾರು, ಕೊಂದವರು ಯಾರು ಅಂತ ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಸುದ್ದಿಗೆ ಅದು ಸರಿ, ಕಥೆಗೆ ಅಲ್ಲ. ಮೇಲಾಗಿ ಈಗ ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಇಯರ್‌ಫೋನ್. ಕಣ್ಣು ಮಂಜಾದ ಅಜ್ಜಿಯರಿಗೆ ಅದರಲ್ಲಿ ಪಾಲಿಲ್ಲ.

ನನ್ನ ಬೇಡಿಕೆ ಇಷ್ಟೇ. ಹೊಸಪೇಟೆಯಲ್ಲೇ ಆಕಾಶವಾಣಿ ಕೇಂದ್ರ ಇದೆ. ವಾರಕ್ಕೊಂದು ರಾತ್ರಿ, ಅರ್ಧ ಗಂಟೆ, ಹಡಗಲಿ ಹರಪನಹಳ್ಳಿ ಮಾತಿನಲ್ಲೇ ಒಂದು ಪತ್ತೇದಾರಿ ನಾಟಕ ಕೊಡಲಿ. ದನಿಗೆ ಪಟ್ಟಣದವರೇ ಬೇಕಿಲ್ಲ. ಬಯಲಾಟದಲ್ಲಿ ಮೈಕಿಲ್ಲದೆ ಊರಿಗೆಲ್ಲ ಕೇಳಿಸಿದವರು ಇಲ್ಲಿದ್ದಾರೆ. ಅವರಿಗೆ ಪಿಸುಮಾತು ಕಲಿಸುವುದೇ ಸ್ವಲ್ಪ ಕಷ್ಟ ಆದೀತು.

ಕಥೆ ಬೇಕಾದರೆ ನನ್ನ ಹತ್ತಿರವೂ ಒಂದಿದೆ. ಅಮಾವಾಸ್ಯೆ ರಾತ್ರಿ. ತುಂಗಭದ್ರೆಯ ದಡದಲ್ಲಿ ಮೂವರು ತೆಪ್ಪ ಹತ್ತುತ್ತಾರೆ. ಹುಟ್ಟಿನ ಸದ್ದು, ನೀರಿನ ಸದ್ದು, ನಡುಹೊಳೆಯಲ್ಲಿ ಒಂದು ಕೆಮ್ಮು. ಆಚೆ ದಡದಲ್ಲಿ ಇಳಿದ ಹೆಜ್ಜೆ ಸಪ್ಪಳ ಇಬ್ಬರದೇ.