ಸಸ್ಯಜನ್ಯವೆಂಬ ಮಾತೊಂದೇ ಸಾಲದು

ಶಸ್ತ್ರಕ್ರಿಯೆಗೆ ಮುನ್ನ, ಪ್ರಾಣಿಜನ್ಯವಾದುದೇನನ್ನೂ ಬಳಸಬಾರದೆಂದು ವೈದ್ಯರಲ್ಲಿ ವಿನಂತಿಸುವ ಶ್ರಾವಕ ಕುಟುಂಬಗಳಿವೆ. ವಿನಂತಿ ನ್ಯಾಯವಾದುದೇ. ಒಳಗಾಯದ ರಕ್ತವನ್ನು ತಡೆಯಲು ಇಡುವ ಜೆಲಟಿನ್ ಸ್ಪಂಜು ಬಹುಮಟ್ಟಿಗೆ ಹಂದಿಯ ಚರ್ಮದಿಂದ ಬಂದುದು; ಕೊಲಾಜನ್ ಪುಡಿ ದನದ ಚರ್ಮದಿಂದ. ಆದರೆ “ಸಸ್ಯದ ಪಿಷ್ಟದಿಂದಾದ ಪುಡಿಯೂ ಉಂಟು” ಎಂಬ ಉತ್ತರ ದೊರೆತೊಡನೆ ವಿಚಾರಣೆಯೇ ಮುಗಿದುಹೋಗುತ್ತದೆ. ಒಂದು ಸೇರು ಬೇಳೆಯನ್ನು ಕೊಳ್ಳುವಾಗ ಅಂಗೈಯಲ್ಲಿ ಹರಡಿ ಹುಳು ಹುಡುಕುವವರು, ಹೊಟ್ಟೆಯೊಳಗೆ ಬಿಟ್ಟು ಹೊಲಿಯುವ ವಸ್ತುವಿಗೆ ಬಾಯಿಮಾತಿನ ಜಾಮೀನು ಸಾಕೆನ್ನುವುದು ವಿವೇಕವಲ್ಲ.

ಸಸ್ಯವಾದ ಮಾತ್ರಕ್ಕೆ ನಿರಪಾಯವಲ್ಲವೆಂಬುದಕ್ಕೆ ಸಾಕ್ಷಿ ಶಸ್ತ್ರವೈದ್ಯರ ಕೈಗವಸಿನಲ್ಲಿಯೇ ಇತ್ತು. ಗವಸು ಸಲೀಸಾಗಿ ಏರಲೆಂದು ಮೊದಲು ಟಾಲ್ಕ್ ಪುಡಿ ಸವರುತ್ತಿದ್ದರು. ಅದು ಹೊಟ್ಟೆಯೊಳಗೆ ಉದುರಿ ಗಂಟು ಕಟ್ಟುತ್ತದೆಂದು ತಿಳಿದ ಮೇಲೆ, 1940ರ ದಶಕದ ಉತ್ತರಾರ್ಧದಿಂದ ಮೆಕ್ಕೆಜೋಳದ ಪಿಷ್ಟ ಬಂದಿತು. ಇದು ದೇಹದಲ್ಲಿ ಕರಗುವ ಧಾನ್ಯದ ಹಿಟ್ಟು, ಇದರಿಂದೇನು ಕೇಡು ಎಂಬುದು ಅಂದಿನ ಸಮಾಧಾನ. ಆ ಹಿಟ್ಟೂ ಉದರದ ಒಳಪೊರೆಯಲ್ಲಿ ಉರಿಯೂತವನ್ನೂ ಗಂಟುಗಳನ್ನೂ ಉಂಟುಮಾಡಿತು. ಕರುಳುಗಳು ಒಂದಕ್ಕೊಂದು ಅಂಟಿಕೊಳ್ಳಲು ಕಾರಣವಾಯಿತು. ಕೊನೆಗೆ 2016ರ ಡಿಸೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಪುಡಿ ಸವರಿದ ಕೈಗವಸುಗಳನ್ನು ನಿಷೇಧಿಸಿತು. ನಿಷೇಧವು 2017ರ ಜನವರಿ 18ರಿಂದ ಜಾರಿಗೆ ಬಂದಿತು. ಒಂದು ಸಮಾಧಾನ ಸುಮಾರು 70 ವರ್ಷ ನಡೆಯಿತೆಂದಾಯಿತು!

ಇಂದಿನ ರಕ್ತಸ್ತಂಭಕ ಪುಡಿ ಆ ಗವಸಿನ ಹಿಟ್ಟಲ್ಲ, ನಿಜ. 2006ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ‘ಅರಿಸ್ಟಾ’ ಎಂಬುದು ಶುದ್ಧೀಕರಿಸಿದ ಪಿಷ್ಟದ ಸೂಕ್ಷ್ಮ ರಂಧ್ರಗಳುಳ್ಳ ಕಣ. ಅದು ರಕ್ತದ ನೀರನ್ನು ಹೀರಿ ಉಬ್ಬುತ್ತದೆ; ಪ್ಲೇಟ್‌ಲೆಟ್‌ಗಳೂ ಹೆಪ್ಪುಗಟ್ಟಿಸುವ ಪ್ರೋಟೀನುಗಳೂ ಕಣಗಳ ಸುತ್ತ ದಟ್ಟೈಸಿ ಹೆಪ್ಪು ಬೇಗ ಕೂಡುತ್ತದೆ. ಬಳಿಕ ದೇಹದ ಅಮೈಲೇಸ್ ಕಿಣ್ವವು, ಅನ್ನವನ್ನು ಜೀರ್ಣಿಸುವಂತೆಯೇ, ಅದನ್ನು ಒಡೆದು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಕರಗಿಸುತ್ತದೆ. ಜೆಲಟಿನ್ ಸ್ಪಂಜಿಗೆ 4ರಿಂದ 6 ವಾರ ಬೇಕು. ಪರವಸ್ತು ಒಳಗೆ ಉಳಿದಷ್ಟೂ ಸೋಂಕಿಗೆ ಆಸರೆಯಾದ್ದರಿಂದ ಈ ಪುಡಿಯ ನಿಜವಾದ ಗುಣ ಬೇಗ ತೊಲಗುವುದರಲ್ಲಿದೆ, ಸಸ್ಯಕುಲದಲ್ಲಲ್ಲ. ಆ ಗುಣಕ್ಕೂ ಕರಾರುಗಳಿವೆ. ಹೆಚ್ಚಾದ ಪುಡಿಯನ್ನು ತೊಳೆದು ತೆಗೆಯಬೇಕು. ರಕ್ತನಾಳದೊಳಗೆ ಹೊಕ್ಕರೆ ಅದೇ ನಾಳವನ್ನು ಮುಚ್ಚೀತು. ಎಲುಬು ಸುತ್ತುವರಿದ ಇಕ್ಕಟ್ಟಿನಲ್ಲಿ ಉಬ್ಬಿದರೆ ನರವನ್ನು ಒತ್ತೀತು. ಮಧುಮೇಹಿಗಳಿಗೆ 50 ಗ್ರಾಮಿಗಿಂತ ಹೆಚ್ಚು ಬಳಸಬಾರದು. ಪಿಷ್ಟ ಕರಗಿ ಆಗುವುದು ಸಕ್ಕರೆಯೇ ತಾನೆ? ಇನ್ನು ಚಿಮ್ಮುವ ಧಮನಿಗೆ ದಾರದ ಕಟ್ಟೇ ಗತಿ.

ಇಷ್ಟಕ್ಕೂ ಆ ಪಿಷ್ಟ ಯಾವ ಸಸ್ಯದ್ದು? ಆಲೂಗಡ್ಡೆಯದು! ಅನಂತಕಾಯವೆಂದು ಅಡುಗೆಮನೆಯ ಹೊಸ್ತಿಲು ದಾಟಿಸದ ಕಂದಮೂಲವು ‘ಶುದ್ಧ ಸಸ್ಯಜನ್ಯ’ವೆಂಬ ಹೆಸರಿನಲ್ಲಿ ಒಡಲೊಳಗೇ ಪ್ರವೇಶಿಸುತ್ತದೆ. ಇದರಿಂದ ಪುಡಿ ತ್ಯಾಜ್ಯವೆಂದು ಹೇಳಲಾಗದು. ಪಂಚೇಂದ್ರಿಯ ಜೀವಿಯ ಚರ್ಮಕ್ಕೂ ಏಕೇಂದ್ರಿಯ ಕಂದಕ್ಕೂ ಹಿಂಸೆಯ ತಾರತಮ್ಯವುಂಟು. ಪ್ರಾಣರಕ್ಷಣೆಯ ಪ್ರಸಂಗವೂ ಭೋಜನದ ಪ್ರಸಂಗವೂ ಒಂದಲ್ಲ. ಕಠಿಣ ನಿಯಮವುಳ್ಳವರಿಗೆ ಸೆಲ್ಯುಲೋಸ್ ಬಟ್ಟೆಯಿದೆ. ಅದು ಕರಗಲು ವಾರ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ನಿಯಮವೋ ಶೀಘ್ರ ಕರಗುವಿಕೆಯೋ ಎಂಬ ಆಯ್ಕೆ ರೋಗಿಯದು. ತಿಳಿಸದೆ ಆ ಆಯ್ಕೆಯನ್ನು ಕಸಿಯುವ ವೈದ್ಯನೂ, ಕೇಳದೆ ಬಿಟ್ಟುಕೊಡುವ ಕುಟುಂಬವೂ ಸಮಾನ ತಪ್ಪಿತಸ್ಥರು. ಹಿಂಸೆಯ ಲಕ್ಷಣ ಹೇಳುವಲ್ಲಿ ತತ್ತ್ವಾರ್ಥಸೂತ್ರವು ಪ್ರಮಾದವನ್ನು ಮುಂದಿಟ್ಟಿರುವುದನ್ನು ಸ್ವಾಧ್ಯಾಯ ಮಾಡಿದವರು ಮರೆಯಬಾರದಿತ್ತು.

ಬಿಸ್ಕತ್ತಿನ ಪೊಟ್ಟಣಕ್ಕೆ ಹಸಿರು ಚುಕ್ಕೆ ಕಡ್ಡಾಯವಾಗಿರುವ ದೇಶದಲ್ಲಿ ಈ ವಸ್ತುಗಳಿಗೆ ಅಂಥ ಗುರುತಿಲ್ಲ. ಆದರೂ ರೋಗಿ ನಿರುಪಾಯನಲ್ಲ: ಚಿಕಿತ್ಸೆಯ ಸ್ವರೂಪ, ಪರ್ಯಾಯ, ಗಣನೀಯ ಅಪಾಯಗಳನ್ನು ತಿಳಿಸಿಯೇ ಸಮ್ಮತಿ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಈ ಮಾತುಕತೆ ಸಮ್ಮತಿಪತ್ರಕ್ಕೆ ಸಹಿ ಬೀಳುವ ಮುನ್ನ ನಡೆಯಬೇಕು. ಮೇಜಿನ ಮೇಲೆ ರಕ್ತ ಹರಿಯುತ್ತಿರುವಾಗ ವೈದ್ಯನ ಕೈ ತಡೆಯುವುದು ಧರ್ಮವಲ್ಲ. ಯಾವ ವಸ್ತುವನ್ನು ಎಷ್ಟು ಬಳಸಲಾಯಿತೆಂಬುದನ್ನು ಬಿಡುಗಡೆ ಪತ್ರದಲ್ಲಿಯೂ ಬರೆಯಿಸಿಕೊಳ್ಳಬೇಕು. ಒಳಗುಳಿದ ಜೆಲಟಿನ್ ಅಥವಾ ಸೆಲ್ಯುಲೋಸ್ ಮುಂದಿನ ಸ್ಕ್ಯಾನಿನಲ್ಲಿ ಕೀವಿನ ಗಡ್ಡೆಯಂತೆ ಕಾಣಿಸಿ, ರೋಗಿಯನ್ನು ಮತ್ತೊಮ್ಮೆ ಕತ್ತಿಯ ಕೆಳಗೆ ಮಲಗಿಸಿದ ಪ್ರಸಂಗಗಳುಂಟು.