ಬಡತನದ ಬಗೆಗಳು ಮತ್ತು ಪರಿಹಾರದ ದಾರಿ

ಬಡತನವೆಂದರೆ ಕೈಯಲ್ಲಿ ಹಣವಿಲ್ಲದಿರುವುದು ಎಂಬ ತಿಳಿವಳಿಕೆ ಎಷ್ಟು ಸಹಜವೋ ಅಷ್ಟೇ ಅಪೂರ್ಣ. ಹಣದ ಕೊರತೆಯು ಎಲ್ಲ ಬಡವರಿಗೂ ಸಮಾನವಾದರೂ ಆ ಕೊರತೆಯ ಕಾರಣ, ಅವಧಿ ಮತ್ತು ಸ್ವರೂಪ ಎಲ್ಲರಲ್ಲೂ ಒಂದೇ ಆಗಿರುವುದಿಲ್ಲವಾದ್ದರಿಂದ, ಬಡತನದ ಬಗೆಗಳನ್ನು ಬಿಡಿಸಿ ನೋಡದೆ ರೂಪಿಸಿದ ಪರಿಹಾರವು ಅರ್ಧದಾರಿಯಲ್ಲೇ ನಿಲ್ಲುತ್ತದೆ.

ಬದುಕಿ ಉಳಿಯಲು ಬೇಕಾದ ಅನ್ನ, ಬಟ್ಟೆ, ವಸತಿಗಳಿಗೂ ಗತಿಯಿಲ್ಲದ ಸ್ಥಿತಿಯನ್ನು ಅರ್ಥಶಾಸ್ತ್ರಜ್ಞರು ನಿರಪೇಕ್ಷ ಬಡತನವೆಂದು ಕರೆಯುತ್ತಾರೆ. ಇದನ್ನು ಅಳೆಯಲು ಭಾರತದಲ್ಲಿ 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆಯು ದಿನವೊಂದಕ್ಕೆ ಗ್ರಾಮೀಣರಿಗೆ 2,400 ಮತ್ತು ನಗರವಾಸಿಗಳಿಗೆ 2,100 ಕ್ಯಾಲೊರಿಗಳ ಆಹಾರವನ್ನು ಆಧಾರವಾಗಿಟ್ಟುಕೊಂಡಿತು. ಮುಂದೆ ತೆಂಡೂಲ್ಕರ್ ಸಮಿತಿಯ ವಿಧಾನದಂತೆ 2011-12ರಲ್ಲಿ ತಿಂಗಳಿಗೆ ತಲಾ 816 ರೂಪಾಯಿ ವೆಚ್ಚವು ಗ್ರಾಮೀಣ ಬಡತನ ರೇಖೆಯಾದರೆ, ರಂಗರಾಜನ್ ಸಮಿತಿಯು ಅದೇ ವರ್ಷಕ್ಕೆ ಅದನ್ನು 972 ರೂಪಾಯಿಗೆ ಏರಿಸಿತು. ಹೀಗಾಗಿ ದೇಶದ ಬಡವರ ಪ್ರಮಾಣ ಮೊದಲ ಲೆಕ್ಕದಲ್ಲಿ ಶೇ. 21.9, ಎರಡನೆಯದರಲ್ಲಿ ಶೇ. 29.5 ಆಯಿತು. ಎರಡು ರೇಖೆಗಳ ನಡುವೆ ಸಿಲುಕಿದ ಕೋಟ್ಯಂತರ ಜನರ ಬದುಕು ಎರಡೂ ಲೆಕ್ಕಗಳಲ್ಲಿ ಒಂದೇ ಆಗಿತ್ತೆಂಬುದನ್ನು ಗಮನಿಸಿದರೆ, ರೇಖೆಯು ಎಣಿಕೆಗೆ ಅಗತ್ಯವಾದ ಸಾಧನವೇ ಹೊರತು ಬಡತನದ ಪೂರ್ಣ ಚಿತ್ರವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಹೊಟ್ಟೆ ತುಂಬಿದರೂ ತಾನು ಬಾಳುವ ಸಮಾಜದಲ್ಲಿ ಮರ್ಯಾದೆಯಿಂದ ಭಾಗವಹಿಸಲು ಬೇಕಾದುದು ದೊರೆಯದಿರುವುದು ಸಾಪೇಕ್ಷ ಬಡತನ. ತನ್ನ ಕಾಲದ ಯುರೋಪಿನ ದಿನಗೂಲಿಯವನು ಲಿನನ್ ಅಂಗಿಯಿಲ್ಲದೆ ನಾಲ್ಕು ಜನರೆದುರು ಬರಲು ನಾಚುತ್ತಾನೆಂದು ಆಡಂ ಸ್ಮಿತ್ 1776ರಲ್ಲೇ ಗುರುತಿಸಿದ್ದನು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಆನ್‌ಲೈನ್ ಆದಾಗ ಸ್ಮಾರ್ಟ್‌ಫೋನ್ ಇಲ್ಲದ ಮನೆಯ ಮಕ್ಕಳು ಕಲಿಕೆಯಿಂದಲೇ ಹೊರಗುಳಿದದ್ದು ಇದೇ ಬಗೆಯ ಬಡತನದ ಇಂದಿನ ರೂಪ.

ಇವೆರಡಕ್ಕಿಂತ ಆಳವಾದ ನೋಟವನ್ನು ಅಮರ್ತ್ಯ ಸೇನ್ ಒದಗಿಸಿದರು. 1943ರ ಬಂಗಾಳದ ಕ್ಷಾಮವನ್ನು ವಿಶ್ಲೇಷಿಸಿದ ಅವರು, ಅಕ್ಕಿಯ ಬೆಲೆ ಏರಿದ ವೇಗಕ್ಕೆ ಕೂಲಿ ಏರದೆ, ಕೂಲಿಕಾರರು ಆಹಾರವನ್ನು ಪಡೆಯುವ ಶಕ್ತಿಯನ್ನೇ ಕಳೆದುಕೊಂಡರೆಂದು ವಾದಿಸಿದರು. ಓದು, ಆರೋಗ್ಯ, ಸ್ವಾತಂತ್ರ್ಯಗಳ ಮೂಲಕ ತನಗೆ ಬೇಕಾದಂತೆ ಬಾಳುವ ಸಾಮರ್ಥ್ಯದ ಅಭಾವವೇ ಬಡತನವೆಂಬ ಅವರ ವಿಚಾರವು ಬಹುಆಯಾಮದ ಬಡತನ ಸೂಚ್ಯಂಕಕ್ಕೆ ಪ್ರೇರಣೆಯಾಯಿತು. ಆರೋಗ್ಯ, ಶಿಕ್ಷಣ ಮತ್ತು ಜೀವನಮಟ್ಟಗಳ 12 ಸೂಚಕಗಳನ್ನು ಬಳಸುವ ನೀತಿ ಆಯೋಗದ ಲೆಕ್ಕದಲ್ಲಿ 2019-21ರ ವೇಳೆಗೆ ಕರ್ನಾಟಕದ ಬಡವರ ಪ್ರಮಾಣ ಶೇ. 7.58ಕ್ಕೆ ಇಳಿದಿತ್ತು. ಆದರೆ ರಾಜ್ಯದ ಸರಾಸರಿಯು ಪ್ರಾದೇಶಿಕ ಬಡತನವನ್ನು ಮರೆಮಾಡಬಲ್ಲದು: ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದಲ್ಲೇ ಇದ್ದವು.

ಕಾಲದ ದೃಷ್ಟಿಯಿಂದಲೂ ಬಡತನ ಭಿನ್ನವಾಗಿದೆ. ಒಂದು ದೊಡ್ಡ ಕಾಯಿಲೆ ಅಥವಾ ಬೆಳೆನಾಶ ಉಂಟುಮಾಡುವುದು ತಾತ್ಕಾಲಿಕ ಬಡತನ. ತಲೆಮಾರಿನಿಂದ ತಲೆಮಾರಿಗೆ ಸಾಗುವುದು ದೀರ್ಘಕಾಲಿಕ ಬಡತನ. ರಾಯಚೂರು, ಯಾದಗಿರಿ ಕಡೆಯ ಕುಟುಂಬಗಳು ಬೇಸಾಯದ ಕೆಲಸ ಮುಗಿದ ಮೇಲೆ ಬೆಂಗಳೂರು, ಪುಣೆಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವಾಗ ಜೊತೆಗೆ ಹೊರಟ ಮಕ್ಕಳ ಓದು ನಿಂತುಹೋದರೆ, ಕೆಲವು ತಿಂಗಳ ಕೊರತೆಯೇ ಮುಂದಿನ ತಲೆಮಾರಿನ ಕೊರತೆಯಾಗುತ್ತದೆ. ಭೂಮಿಯಿಂದ ದೂರವಿಡಲ್ಪಟ್ಟ ದಲಿತ ಸಮುದಾಯಗಳ ಬಡತನಕ್ಕೆ ಜಾತಿಯೂ, ದುಡಿದರೂ ಹಣದ ಮೇಲೆ ಹಕ್ಕಿಲ್ಲದ ಹೆಣ್ಣುಮಕ್ಕಳ ಬಡತನಕ್ಕೆ ಲಿಂಗತಾರತಮ್ಯವೂ ಮೂಲವಾಗಿದ್ದು, ಇವುಗಳನ್ನು ಕುಟುಂಬದ ಒಟ್ಟು ಆದಾಯ ಮಾತ್ರ ಹೇಳಲಾರದು.

ಆದಾಯ ಹೆಚ್ಚಿದರೆ ಉಳಿದೆಲ್ಲವೂ ತಾನಾಗಿ ಸರಿಹೋಗುತ್ತದೆಂಬ ವಾದದಲ್ಲಿ ಸ್ವಲ್ಪ ಸತ್ಯವಿದೆಯಾದರೂ, ಆಸ್ಪತ್ರೆಯೇ ಇಲ್ಲದ ಊರಿನಲ್ಲಿ ಹಣವು ಆರೋಗ್ಯವನ್ನು ಕೊಳ್ಳಲಾರದು, ಜಾತಿ ಕೇಳಿ ಬಾಡಿಗೆ ಮನೆ ನಿರಾಕರಿಸುವಲ್ಲಿ ಅದು ಘನತೆಯನ್ನೂ ಕೊಳ್ಳಲಾರದು. ಹಸಿವಿಗೆ ಪಡಿತರ, ಕಾಯಿಲೆಗೆ ಉಚಿತ ಚಿಕಿತ್ಸೆ, ಗುಳೆಗೆ ಊರಿನಲ್ಲೇ ಉದ್ಯೋಗ, ಜಾತಿಯ ಬಡತನಕ್ಕೆ ಭೂಮಿ ಮತ್ತು ಶಿಕ್ಷಣ, ಹೆಣ್ಣಿನ ಬಡತನಕ್ಕೆ ಆಸ್ತಿಯ ಹಕ್ಕು ಬೇಕಾಗುತ್ತವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ವೆಚ್ಚವಾಗುತ್ತದೆ, ಬಡತನ ಉಳಿಯುತ್ತದೆ. ಆದ್ದರಿಂದ ಬಡವರು ಎಷ್ಟು ಮಂದಿ ಎಂದು ಎಣಿಸುವ ಸರ್ಕಾರವೂ ಸಮಾಜವೂ, ಪ್ರತಿಯೊಬ್ಬರೂ ಯಾವ ಕಾರಣದಿಂದ ಬಡವರಾಗಿ ಉಳಿದಿದ್ದಾರೆ ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ಕೇಳಬೇಕು.